ಎಚ್‌ಪಿ: ಮಾಡ್ಯುಲರ್ ಸಿಂಥ್‌ನ ಜಾಗದ ಅಳತೆ

ಎಚ್‌ಪಿ ಅಂದ ಕೂಡಲೇ ನಮ್ಮಲ್ಲಿ ಬೋರ್‌ವೆಲ್ ನೆನಪಾಗುತ್ತದೆ. ಐದು ಎಚ್‌ಪಿ ಮೋಟಾರು, ಏಳೂವರೆ ಎಚ್‌ಪಿ ಮೋಟಾರು. ಅದು ಶಕ್ತಿಯ ಲೆಕ್ಕ. ಮಾಡ್ಯುಲರ್ ಸಿಂಥಸೈಜರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯ ಕಟ್ಟುವವರ ಬಾಯಲ್ಲಿ ಎಚ್‌ಪಿ ಅಂದರೆ ಜಾಗದ ಲೆಕ್ಕ. "ನಿಮ್ಮ ಕೇಸ್ ಎಷ್ಟು ಎಚ್‌ಪಿ?" ಅಂತ ಯಾರಾದರೂ ಕೇಳಿದರೆ ಅವರು ಕೇಳುತ್ತಿರುವುದು ವಾದ್ಯದ ಭಾಗಗಳನ್ನು ಕೂರಿಸುವ ಪೆಟ್ಟಿಗೆಯ ಅಗಲ.

ಇಲ್ಲಿ ಎಚ್‌ಪಿಯ ಪೂರ್ತಿ ರೂಪ ಹಾರಿಜಾಂಟಲ್ ಪಿಚ್. ಒಂದು ಎಚ್‌ಪಿ ಅಂದರೆ 5.08 ಮಿಲಿಮೀಟರ್, ಒಂದು ಇಂಚಿನ ಐದನೇ ಒಂದು ಪಾಲು. ಸಂಗೀತದ ಸಾಮಾನು ಆದ್ದರಿಂದ ಪಿಚ್ ಅಂದರೆ ಶ್ರುತಿ ಇರಬೇಕು ಅಂತ ಮೊದಮೊದಲು ಅನ್ನಿಸುತ್ತದೆ. ಇದು ಆ ಪಿಚ್ ಅಲ್ಲ. ಲೇತ್ ಕೆಲಸದವರು ಸ್ಕ್ರೂವಿನ ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಇರುವ ದೂರವನ್ನು ಪಿಚ್ ಅನ್ನುತ್ತಾರಲ್ಲ, ಆ ಪಿಚ್. ಒಂದೇ ಸಮನೆ ಮತ್ತೆ ಮತ್ತೆ ಬರುವ ದೂರ. ಜರ್ಮನಿಯವರು ಇದೇ ಅಳತೆಗೆ ಟಿಇ ಅನ್ನುತ್ತಾರೆ. ಅಲ್ಲಿನ ಕಂಪನಿಗಳ ಪಟ್ಟಿಯಲ್ಲಿ "8 ಟಿಇ" ಅಂತ ಕಂಡರೆ ಅದು 8 ಎಚ್‌ಪಿಯೇ.

ನಮ್ಮ ಹಳೇ ಮನೆಗಳ ಅಂಕಣ ಗೊತ್ತಿರುವವರಿಗೆ ಇದು ಸುಲಭ. ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. ಮನೆ ಎಷ್ಟು ದೊಡ್ಡದು ಅಂತ ಕೇಳಿದರೆ ಹಿರಿಯರು ಅಡಿ ಲೆಕ್ಕ ಹೇಳುತ್ತಿರಲಿಲ್ಲ, "ಐದಂಕಣದ ಮನೆ" ಅನ್ನುತ್ತಿದ್ದರು. ಕೋಣೆ, ಪಡಸಾಲೆ, ಕೊಟ್ಟಿಗೆ ಎಲ್ಲವೂ ಅಂಕಣದ ಲೆಕ್ಕದಲ್ಲೇ ಕೂರಬೇಕು. ಸಿಂಥ್ ಕೇಸ್‌ನಲ್ಲಿ ಎಚ್‌ಪಿ ಮಾಡುವ ಕೆಲಸವೂ ಅದೇ.

ಮಾಡ್ಯುಲರ್ ಅಂದರೇನು ಅಂತ ಎರಡು ಮಾತು. ಎಲೆಕ್ಟ್ರಾನಿಕ್ ತಂಬೂರಿಯಲ್ಲಿ ನಾದ ಹುಟ್ಟಿಸುವ ಭಾಗ, ಅದನ್ನು ತಿದ್ದುವ ಭಾಗ, ದನಿ ಏರಿಸುವ ಭಾಗ ಎಲ್ಲ ಒಂದೇ ಡಬ್ಬಿಯಲ್ಲಿ ಮುಚ್ಚಿಕೊಂಡಿರುತ್ತವೆ. ಮಾಡ್ಯುಲರ್‌ನಲ್ಲಿ ಅವು ಬಿಡಿಬಿಡಿ. ಆಸಿಲೇಟರ್ ಒಂದು ಮಾಡ್ಯೂಲ್, ಫಿಲ್ಟರ್ ಇನ್ನೊಂದು, ದನಿಯ ಮಟ್ಟ ನೋಡಿಕೊಳ್ಳುವ ವಿಸಿಎ ಮತ್ತೊಂದು. ಯಾವುದನ್ನು ಯಾವುದಕ್ಕೆ ಜೋಡಿಸಬೇಕು ಅನ್ನುವುದನ್ನು ನೀವೇ ವೈರ್ ಚುಚ್ಚಿ ಹೇಳುತ್ತೀರಿ. ಹಾಗಾಗಿ ಎರಡು ಮನೆಗಳಲ್ಲಿ ಒಂದೇ ಥರದ ವಾದ್ಯ ಸಿಗುವುದು ಅಪರೂಪ.

ಇಂಥ ವಾದ್ಯ 1960ರ ದಶಕದ ನಡುವೆ ಅಮೆರಿಕದಲ್ಲಿ ಹುಟ್ಟಿತು, ಪೂರ್ವದಲ್ಲಿ ರಾಬರ್ಟ್ ಮೂಗ್, ಪಶ್ಚಿಮದಲ್ಲಿ ಡಾನ್ ಬುಕ್ಲಾ ಅವರ ಕೈಯಲ್ಲಿ. ಭಾರತಕ್ಕೂ ಬೇಗ ಬಂತು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಒಂದು ಮೂಗ್ ಸಿಂಥಸೈಜರ್ ಕೂರಿಸಿಕೊಟ್ಟರು. ಆಗಿನವು ಬೀರುವಿನಂಥ ಯಂತ್ರಗಳು. ಮೂಗ್ ಮಾಡ್ಯೂಲಿನ ಎತ್ತರವೇ 22 ಸೆಂಟಿಮೀಟರ್ ದಾಟುತ್ತಿತ್ತು.

ಇವತ್ತು ನಾವು ಬಾಡಿಗೆ ಮನೆಯಲ್ಲಿ ಇಂಥದ್ದೊಂದು ಇಟ್ಟುಕೊಳ್ಳಬಹುದಾದರೆ ಅದಕ್ಕೆ ಕಾರಣ ಜರ್ಮನಿಯ ಡೀಟರ್ ಡೋಪ್ಫರ್. 1990ರ ದಶಕದ ನಡುವೆ ಅವರು ಎ-100 ಅನ್ನುವ ಮಾಡ್ಯೂಲ್‌ಗಳನ್ನು ತಂದರು. ಚೌಕಟ್ಟಿಗೆ ಹೊಸ ಅಳತೆ ಹುಡುಕಲು ಹೋಗಲಿಲ್ಲ. ಕಾರ್ಖಾನೆ, ಲ್ಯಾಬ್‌ಗಳಲ್ಲಿ ಸರ್ಕ್ಯೂಟ್ ಬೋರ್ಡ್ ಕೂರಿಸಲು ಮೊದಲೇ ಬಳಕೆಯಲ್ಲಿದ್ದ ರ್‍ಯಾಕ್ ಅಳತೆಯನ್ನೇ ತೆಗೆದುಕೊಂಡರು. ರ್‍ಯಾಕ್ ಲೆಕ್ಕದಲ್ಲಿ ಎತ್ತರ 3ಯು, ಅಂದರೆ ಪ್ಯಾನೆಲ್ 128.5 ಮಿಲಿಮೀಟರ್. ಅಗಲ ಎಚ್‌ಪಿಯಲ್ಲಿ. ಇದಕ್ಕೇ ಈಗ ಯೂರೋರ್‍ಯಾಕ್ ಅನ್ನುವುದು. ಎತ್ತರ ಎಲ್ಲರಿಗೂ ಒಂದೇ ಆದ್ದರಿಂದ ಮಾತೆಲ್ಲ ಅಗಲದ ಮೇಲೆಯೇ ನಡೆಯುತ್ತದೆ.

ಈ 5.08 ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗಿದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತಂದ ಒಂದು ಝೀರೋ ಪಿಸಿಬಿ ಕೈಯಲ್ಲಿ ಹಿಡಿದಾಗ. ತುಂಬಾ ತೂತುಗಳಿರುವ ಆ ಕಂದು ಬೋರ್ಡು ಎಲೆಕ್ಟ್ರಾನಿಕ್ಸ್ ಕಲಿತವರಿಗೆಲ್ಲ ಗೊತ್ತು. ಒಂದು ತೂತಿನಿಂದ ಪಕ್ಕದ ತೂತಿಗೆ 2.54 ಮಿಲಿಮೀಟರ್, ಅದರಲ್ಲಿ ಕೂರುವ ಐಸಿ ಚಿಪ್ಪಿನ ಕಾಲುಗಳ ದೂರವೂ ಅಷ್ಟೇ. ಎರಡು ತೂತು ದಾಟಿದರೆ 5.08. ಅಂದರೆ ಒಂದು ಎಚ್‌ಪಿ! ಬೋರ್ಡಿನ ಅಳತೆಯೇ ಚೌಕಟ್ಟಿನ ಅಳತೆಯೂ ಆಗಿದೆ. ಎಚ್‌ಪಿ ಅಳೆಯಲು ಬೇರೆ ಸ್ಕೇಲ್ ಬೇಡ, ಆ ಬೋರ್ಡೇ ಸಾಕು.

ಮೊದಲ ಸಿಸ್ಟಂ ಯೋಚಿಸುವವರಿಗೆ ನಾನು ಹೇಳುವುದು ಒಂದೇ. ಯಾವ ದನಿ ಬೇಕು ಅನ್ನುವುದಕ್ಕಿಂತ ಮೊದಲು ಎಷ್ಟು ಎಚ್‌ಪಿ ಅನ್ನುವುದನ್ನು ತೀರ್ಮಾನ ಮಾಡಿ. ದನಿಯ ಆಸೆಗೆ ಕೊನೆಯಿಲ್ಲ. ಗೋಡೆಗೆ, ಮೇಜಿಗೆ ಕೊನೆ ಇದೆ.

ನನ್ನ ಮನೆಯಲ್ಲಿ ಸಿಂಥ್‌ಗೆ ಸಿಕ್ಕಿದ್ದು ಹಾಲ್‌ನ ಗೋಡೆಯಲ್ಲಿದ್ದ ಒಂದು ಗೂಡು. ಅಗಲ ಸರಿಯಾಗಿ 18 ಇಂಚು, ಅಂದರೆ 457 ಮಿಲಿಮೀಟರ್. 104 ಎಚ್‌ಪಿಯ ಕೇಸ್ ಅಂದರೆ 528 ಮಿಲಿಮೀಟರ್, ಆಗಲ್ಲ. 84 ಎಚ್‌ಪಿ ಅಂದರೆ 426.7. ಎರಡೂ ಪಕ್ಕಕ್ಕೆ 12 ಮಿಲಿಮೀಟರಿನ ಹಲಗೆ ಸೇರಿಸಿದರೂ ಕೂರುತ್ತದೆ, ಬೆರಳು ತೂರುವಷ್ಟು ಜಾಗ ಮಾತ್ರ ಉಳಿಯಲ್ಲ. ಈ 84 ಅನ್ನುವುದು 19 ಇಂಚಿನ ರ್‍ಯಾಕಿನ ಒಂದು ಸಾಲು, ಹಾಗಾಗಿ ಈ ಅಳತೆಯ ಕೇಸ್‌ಗಳು ಜಾಸ್ತಿ ಸಿಗುತ್ತವೆ. ಗೂಡು ಹೇಳಿದ ಮೇಲೆ ಚರ್ಚೆಯೇ ಇರಲಿಲ್ಲ.

ಆಮೇಲೆ ಮನೆಯಲ್ಲಿದ್ದ ಲಗ್ನಪತ್ರಿಕೆಗಳನ್ನು ಹರವಿಕೊಂಡು ಕೂತೆ. ಒಳ್ಳೇ ದಪ್ಪ ರಟ್ಟು. ಒಂದೊಂದು ಮಾಡ್ಯೂಲಿನ ಅಗಲಕ್ಕೆ ಕತ್ತರಿಸಿ ಸಾಲಾಗಿ ಜೋಡಿಸಿದೆ. ದನಿ ಹುಟ್ಟಿಸಲು ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್‌ನ ಪ್ಲೇಟ್ಸ್, 12 ಎಚ್‌ಪಿ. ಸೋಸಲು ಡೋಪ್ಫರ್‌ನ ಎ-120 ಫಿಲ್ಟರ್, 8. ದನಿ ಹೇಗೆ ಏಳಬೇಕು ಹೇಗೆ ಇಳಿಯಬೇಕು ಅನ್ನುವ ವೋಲ್ಟೇಜ್ ಕೊಡಲು ಮೇಕ್ ನಾಯ್ಸ್‌ನ ಮ್ಯಾಥ್ಸ್, 20. ನಾಲ್ಕು ವಿಸಿಎ ಒಟ್ಟಿಗೆ ಇರುವ ಇಂಟೆಲಿಜೆಲ್‌ನ ಮಾಡ್ಯೂಲ್, 12. ಕೀಬೋರ್ಡ್ ಕಳಿಸುವ ಮಿಡಿ ಸಂಕೇತವನ್ನು ವೋಲ್ಟೇಜ್ ಮಾಡುವುದಕ್ಕೆ 6, ಹೊರಗೆ ಸ್ಪೀಕರ್‌ಗೆ ಕೊಡುವುದಕ್ಕೆ 4, ಒಂದೇ ವೋಲ್ಟೇಜನ್ನು ನಾಲ್ಕು ಕಡೆ ಹಂಚುವುದಕ್ಕೆ 2. ಒಟ್ಟು 64. ಉಳಿದದ್ದು 20.

ಮ್ಯಾಥ್ಸ್ ಒಂದೇ 20 ನುಂಗುತ್ತದೆ, ಅಷ್ಟು ಯಾಕೆ ಅಂತ ಕೇಳಬಹುದು. ಅದು ಒಂದು ಸಲ ದನಿಯ ಏರಿಳಿತ ಹೇಳುವ ಎನ್ವಲಪ್, ಇನ್ನೊಂದು ಸಲ ನಿಧಾನಕ್ಕೆ ತೂಗುವ ಎಲ್‌ಎಫ್‌ಒ, ಮತ್ತೊಂದು ಸಲ ವೋಲ್ಟೇಜ್ ಕೂಡಿಸುವ ಮಿಕ್ಸರ್. ಮೂರು ಮಾಡ್ಯೂಲ್‌ಗಳ ಕೆಲಸ ಒಂದೇ ಮಾಡುತ್ತದೆ. ಜಾಗ ಕಮ್ಮಿ ಇರುವಾಗ ಮಾಡ್ಯೂಲಿನ ಅಗಲ ಒಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. ಒಂದು ಎಚ್‌ಪಿಯಿಂದ ಎಷ್ಟು ಕೆಲಸ ಆಗುತ್ತದೆ ಅಂತ ನೋಡಬೇಕು.

ಹಾಗಂತ ಎಲ್ಲವನ್ನೂ ಸಣ್ಣದು ತಂದು ತುಂಬುವುದೂ ಸರಿಯಲ್ಲ. 2 ಎಚ್‌ಪಿಯ ಮಾಡ್ಯೂಲ್ ಅಂದರೆ ಸೆಂಟಿಮೀಟರ್ ಅಗಲ, ನಿಮ್ಮ ಹೆಬ್ಬೆರಳಿಗಿಂತ ಸಣ್ಣ. ಅಂಥವು ಹತ್ತು ಪಕ್ಕಪಕ್ಕ ನಿಂತರೆ ಕಡ್ಡಿಯಂಥ ನಾಬ್‌ಗಳ ನಡುವೆ ವೈರುಗಳ ಕಾಡು. ಒಂದು ನಾಬ್ ತಿರುಗಿಸಲು ನಾಲ್ಕು ವೈರ್ ಸರಿಸಬೇಕು. ಕೈಯಲ್ಲಿ ಮುಟ್ಟಿ ನುಡಿಸುವ ಸುಖಕ್ಕೇ ಅಲ್ವಾ ಇಷ್ಟು ದುಡ್ಡು ಸುರಿಯುವುದು? ವೈರ್ ಹಂಚುವಂಥ, ಸುಮ್ನೆ ಕೂತಿರುವ ಕೆಲಸಕ್ಕೆ 2 ಎಚ್‌ಪಿ ಸಾಕು. ಫಿಲ್ಟರ್‌ನಂಥ, ಕೈ ಸದಾ ಹೋಗುವ ಮಾಡ್ಯೂಲ್‌ಗೆ ಅಗಲ ಬೇಕು.

ಎಚ್‌ಪಿ ಹೇಳದ ಎರಡು ಅಳತೆಗಳಿವೆ. ಒಂದು ಆಳ. ಅಗಲ ಸರಿಹೋದರೂ ಹಿಂದಿನ ಬೋರ್ಡು ಕೇಸಿನ ತಳಕ್ಕೆ ತಾಗಬಹುದು. ತೆಳ್ಳನೆಯ ಕೇಸ್ ಕೊಳ್ಳುವವರು ಪ್ರತಿ ಮಾಡ್ಯೂಲಿನ ಆಳವನ್ನು ಮಿಲಿಮೀಟರಿನಲ್ಲಿ ನೋಡಲೇಬೇಕು. ಇನ್ನೊಂದು ಕರೆಂಟು. ಯೂರೋರ್‍ಯಾಕ್ ಪ್ಲಸ್ 12, ಮೈನಸ್ 12 ವೋಲ್ಟ್‌ನಲ್ಲಿ ಓಡುತ್ತದೆ, ಕೆಲವಕ್ಕೆ 5 ವೋಲ್ಟೂ ಬೇಕು. ಯಾವ ಮಾಡ್ಯೂಲ್ ಎಷ್ಟು ಮಿಲಿಆಂಪಿಯರ್ ಎಳೆಯುತ್ತದೆ ಅಂತ ತಯಾರಿಸಿದವರು ಬರೆದಿರುತ್ತಾರೆ. ಪ್ಲಸ್ ಬೇರೆ, ಮೈನಸ್ ಬೇರೆ ಕೂಡಿಸಿ, ಪವರ್ ಸಪ್ಲೈಯ ಶಕ್ತಿಯಲ್ಲಿ ಕಾಲು ಭಾಗವಾದರೂ ಉಳಿಯುವಂತೆ ನೋಡಿಕೊಳ್ಳಿ. ರಿಬ್ಬನ್ ಕೇಬಲ್ ಚುಚ್ಚುವಾಗ ಕೆಂಪು ಗೆರೆ ಮೈನಸ್ 12ರ ಕಡೆಗೇ ಇರಬೇಕು. ಉಲ್ಟಾ ಆದರೆ ಮಾಡ್ಯೂಲ್ ಸುಟ್ಟುಹೋಗಬಹುದು.

ಈಗ ದುಡ್ಡು. ಒಂದೊಂದು ಮಾಡ್ಯೂಲಿಗೆ ನೂರು, ಇನ್ನೂರು, ಮುನ್ನೂರು ಡಾಲರ್ ಸಾಮಾನ್ಯ. ಅದರ ಮೇಲೆ ಕೊರಿಯರ್, ಕಸ್ಟಮ್ಸ್, ಜಿಎಸ್‌ಟಿ. ಮಾಡ್ಯೂಲ್‌ಗಳ ಪಟ್ಟಿ ಬರೆಯುವ ಉತ್ಸಾಹದಲ್ಲಿ ಕೇಸ್, ಪವರ್ ಸಪ್ಲೈಯನ್ನೇ ಎಷ್ಟೋ ಜನ ಮರೆಯುತ್ತಾರೆ. ಒಂದು ನಾದವೂ ಹೊರಡುವ ಮೊದಲೇ ಅದಕ್ಕೆ ಒಳ್ಳೇ ಮೊತ್ತ ಹೋಗಿರುತ್ತದೆ. ಆದ್ದರಿಂದ ಒಟ್ಟು ಖರ್ಚನ್ನು ಎಚ್‌ಪಿಯಿಂದ ಭಾಗಿಸಿ ನೋಡಿ. ಒಂದು ಎಚ್‌ಪಿಗೆ ಇಷ್ಟು ರೂಪಾಯಿ ಅಂತ ಕಣ್ಣೆದುರು ಬಂದರೆ ದೊಡ್ಡ ಕೇಸಿನ ಆಸೆ ತಾನಾಗಿ ತಣ್ಣಗಾಗುತ್ತದೆ. ಖಾಲಿ ಎಚ್‌ಪಿ ಕಂಡರೆ ತುಂಬಬೇಕು ಅನ್ನಿಸುವುದು ಮನುಷ್ಯ ಸಹಜ, ಹಾಗಾಗಿ ಕೇಸ್ ಚಿಕ್ಕದಿದ್ದಷ್ಟೂ ಕೈಯಲ್ಲಿ ಕಾಸು ಉಳಿಯುತ್ತದೆ.

ಮೂಗ್ ಕಂಪನಿಯ ಮದರ್-32 ಅನ್ನುವ ವಾದ್ಯ 60 ಎಚ್‌ಪಿ. ಆಸಿಲೇಟರ್, ಫಿಲ್ಟರ್, ಸ್ವರಗಳನ್ನು ಸಾಲಾಗಿ ನುಡಿಸುವ ಸೀಕ್ವೆನ್ಸರ್ ಎಲ್ಲ ಅದರೊಳಗೇ ಇವೆ, ತನ್ನದೇ ಡಬ್ಬಿ, ಅಡಾಪ್ಟರ್ ಜೊತೆಗೇ ಬರುತ್ತದೆ. ಮೊದಲು ಅದೊಂದನ್ನೇ ನುಡಿಸುತ್ತಾ ಇದ್ದು, ಮುಂದೆ 84ರ ಕೇಸಿಗೆ ಎತ್ತಿಟ್ಟರೆ ಇನ್ನೂ 24 ಎಚ್‌ಪಿ ಉಳಿಯುತ್ತದೆ. ಬಜೆಟ್ ಬಿಗಿ ಇರುವವರಿಗೆ ಇಂಥ ದಾರಿಯೇ ವಾಸಿ ಅಂತ ನನಗನ್ನಿಸುತ್ತದೆ.

ಒಂದು ರೂಪಾಯಿಯೂ ಖರ್ಚಿಲ್ಲದೆ ಎಚ್‌ಪಿಯ ಬಿಸಿ ತಿಳಿಯಬೇಕಾದರೆ ವಿಸಿವಿ ರ್‍ಯಾಕ್ ಇದೆ. 2017ರಲ್ಲಿ ಬಂದ ಉಚಿತ ಸಾಫ್ಟ್‌ವೇರ್, ಲ್ಯಾಪ್‌ಟಾಪಿನಲ್ಲೇ ಯೂರೋರ್‍ಯಾಕ್. ಅದರಲ್ಲೂ ಮಾಡ್ಯೂಲ್‌ಗಳು ಎಚ್‌ಪಿಯ ಅಗಲದಲ್ಲೇ ಕೂರುತ್ತವೆ. 84 ದಾಟಲ್ಲ ಅಂತ ನೀವೇ ಗೆರೆ ಹಾಕಿಕೊಂಡು ತಿಂಗಳು ಎರಡು ತಿಂಗಳು ಆಡಿ ನೋಡಿ. ನನ್ನ ಮೊದಲ ಪಟ್ಟಿಯಲ್ಲಿ ಮೂರು ಆಸಿಲೇಟರ್ ಇದ್ದವು, ವಿಸಿಎ ಒಂದೇ. ಅಲ್ಲಿ ಜೋಡಿಸಿ ನೋಡಿದ ಮೊದಲ ವಾರವೇ ತಿಳಿಯಿತು, ಮೂರು ನಾದಗಳು ಒಂದೇ ಬಾಗಿಲಿನಿಂದ ಹೊರಡಬೇಕು ಅಂತ. ಎರಡು ಆಸಿಲೇಟರ್ ಬಿಟ್ಟೆ, ನಾಲ್ಕು ವಿಸಿಎ ಬಂತು.

ಉಳಿದ ಆ 20 ಎಚ್‌ಪಿ ಇವತ್ತಿಗೂ ಹಾಗೇ ಇದೆ. ತೆರೆದು ಬಿಡುವ ಹಾಗಿಲ್ಲ, ಒಂದು ಸ್ಕ್ರೂ ಒಳಗೆ ಬಿದ್ದರೂ ಶಾರ್ಟ್ ಆದೀತು. ಬ್ಲ್ಯಾಂಕ್ ಪ್ಯಾನೆಲ್ ಅಂತ ಖಾಲಿ ಅಲ್ಯೂಮಿನಿಯಂ ತಗಡು ಸಿಗುತ್ತದೆ, 12ರದ್ದೊಂದು 8ರದ್ದೊಂದು ಹಾಕಿದ್ದೇನೆ. ದನಿಗೆ ಅನುರಣನ ಕೊಡುವ ಮಾಡ್ಯೂಲಿನ ಆಸೆಯಲ್ಲಿ 12ರ ತಗಡಿನ ಮೇಲೆ ಪೆನ್ಸಿಲಿನಲ್ಲಿ "ರಿವರ್ಬ್?" ಅಂತ ಬರೆದಿಟ್ಟಿದ್ದೇನೆ.