ಹೊರಗೆರೆಯ ಬಳಿಯ ಕ್ಯಾಚ್: ಮೊದಲು ಪಾದ, ಆಮೇಲೆ ಚೆಂಡು

ಕ್ರಿಕೆಟ್ ನೋಡಿ ಪಳಗಿದ ಕಣ್ಣಿಗೆ ಸಾಫ್ಟ್‌ಬಾಲ್‌ನ ಈ ನಿಯಮ ಬೇಗ ಒಗ್ಗುವುದಿಲ್ಲ. ಅಲ್ಲಿ ಚೆಂಡು ಹಿಡಿದವರು ಆಯ ತಪ್ಪಿ ಬೌಂಡರಿ ಹಗ್ಗ ತುಳಿದರೆ ಕ್ಯಾಚೇ ಇಲ್ಲ, ಸಿಕ್ಸರ್. ಇಲ್ಲಿ ಆಟದೊಳಗೆ ಚೆಂಡು ಹಿಡಿದು ಡಗ್‌ಔಟ್‌ಗೆ (ಮೈದಾನದ ಬದಿಯಲ್ಲಿ ಆಟಗಾರರು ಕೂರುವ ಜಾಗ) ಉರುಳಿದರೂ, ಚೆಂಡು ಕೈಬಿಡದಿದ್ದರೆ ಬ್ಯಾಟರ್ ಔಟ್. ಹೊರಗೆ ಹೋದದ್ದರ ದಂಡ ಬೀಳುವುದು ರನ್ನರ್‌ಗಳ, ಅಂದರೆ ರನ್‌ಗಾಗಿ ಒಂದೊಂದೇ ಬೇಸ್ (ನೆಲೆ) ಮುಟ್ಟುತ್ತಾ ಸಾಗುವ ಬ್ಯಾಟಿಂಗ್ ತಂಡದವರ ಲೆಕ್ಕದಲ್ಲಿ. ಹಾಗಾಗಿ ಅಂಪೈರ್ ಎರಡು ತೀರ್ಪು ಕೊಡಬೇಕು: ಕ್ಯಾಚ್ ಆಯಿತೇ? ಆದಮೇಲೆ ಫೀಲ್ಡರ್ ಹೊರಗೆ ಹೋದರೇ? ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಹೊರಟಾಗಲೇ ಗಲಾಟೆ ಶುರುವಾಗುತ್ತದೆ.

ಮೊದಲ ತೀರ್ಪಿಗೆ ಚೆಂಡು ಎಲ್ಲಿತ್ತು ಎನ್ನುವುದು ಮುಖ್ಯವಲ್ಲ, ಪಾದ ಎಲ್ಲಿತ್ತು ಎನ್ನುವುದು ಮುಖ್ಯ. ಅಮೆರಿಕದ ಆಡಳಿತ ಸಂಸ್ಥೆಯಾದ ಯುಎಸ್‌ಎ ಸಾಫ್ಟ್‌ಬಾಲ್‌ನ ನಿಯಮದಂತೆ ಹಿಡಿಯುವ ಕ್ಷಣದಲ್ಲಿ ಪಾದಗಳು ಆಟದ ಜಾಗದಲ್ಲಿರಬೇಕು, ಇಲ್ಲವೇ ಹೊರಗೆರೆಯನ್ನು (ಆಟದ ಜಾಗ ಮುಗಿಯುವ ಗೆರೆ) ಮುಟ್ಟಿರಬೇಕು, ಇಲ್ಲವೇ ಆಟದ ಜಾಗದಿಂದ ಜಿಗಿದು ಗಾಳಿಯಲ್ಲಿರಬೇಕು. ಗೆರೆ ಆಟದೊಳಗಿನದೇ. ಒಳಗೆ ನಿಂತು ಡಗ್‌ಔಟ್‌ನೊಳಕ್ಕೆ ಕೈಚಾಚಿ ಹಿಡಿದರೆ ಕ್ಯಾಚ್ ಸರಿ. ಒಂದು ಪಾದ ಒಳಗಿದ್ದು ಇನ್ನೊಂದು ಪೂರ್ತಿ ಗೆರೆಯಾಚೆ ನೆಲದ ಮೇಲಿದ್ದರೆ ಅದು ಕ್ಯಾಚ್ ಅಲ್ಲ, ಬರೀ ಫೌಲ್ ಚೆಂಡು (ಮೊದಲ ಮತ್ತು ಮೂರನೇ ಬೇಸ್‌ನ ಗೆರೆಗಳ ಹೊರಬದಿಗೆ ಹೋದ ಹೊಡೆತ).

ಹೆಚ್ಚಾಗಿ ಎಡವುವುದು ಹೊರಗೆ ಹೋಗಿ ಮರಳಿ ಬಂದ ಫೀಲ್ಡರ್ ವಿಷಯದಲ್ಲಿ. ಚೆಂಡನ್ನೇ ನೋಡುತ್ತಾ ಓಡಿದವರು ಗೆರೆ ದಾಟುತ್ತಾರೆ, ಗಾಳಿ ಚೆಂಡನ್ನು ಒಳಕ್ಕೆ ತಳ್ಳುತ್ತದೆ, ಅವರು ಹಿಂದಕ್ಕೆ ಜಿಗಿದು ಗಾಳಿಯಲ್ಲೇ ಹಿಡಿಯುತ್ತಾರೆ. ದೇಹವೆಲ್ಲ ಒಳಗೇ ಕಾಣುತ್ತದೆ, ಆದರೂ ಕ್ಯಾಚ್ ಇಲ್ಲ. ಹೊರಗಿನಿಂದ ಬಂದವರ ಎರಡೂ ಪಾದ ಒಳಗಿನ ನೆಲ ಮುಟ್ಟಿರಬೇಕು, ಅಥವಾ ಒಂದು ಮುಟ್ಟಿ ಇನ್ನೊಂದು ಗಾಳಿಯಲ್ಲಿರಬೇಕು.

ಇನ್ನು ಹಿಡಿತ. ಗ್ಲವ್‌ಗೆ ಬಿದ್ದ ಮಾತ್ರಕ್ಕೆ ಕ್ಯಾಚ್ ಆಗದು. ಚೆಂಡು ತಮ್ಮ ವಶದಲ್ಲಿದೆ ಎಂದು ತೋರುವಷ್ಟು ಹೊತ್ತು ಹಿಡಿದಿರಬೇಕು, ಬಿಟ್ಟರೂ ತಾವಾಗಿ ಬಿಡಬೇಕು. ಬೇಲಿಗೆ ಅಪ್ಪಳಿಸಿ ಅಥವಾ ಆಚೆ ಬಿದ್ದ ಹೊಡೆತಕ್ಕೆ ಚೆಂಡು ಜಾರಿತೆಂದರೆ ಔಟ್ ಇಲ್ಲ. ಬೇಲಿಗೆ ತಾಗಿ ಪುಟಿದದ್ದನ್ನು ಹಿಡಿದರೂ ಇಲ್ಲ, ಅದು ನೆಲ ಮುಟ್ಟಿದ ಚೆಂಡಿಗೆ ಸಮ. ಬೇಲಿ ಹತ್ತಿ ಹಿಡಿಯಬಹುದು. ಬಾಗಿ ಬೀಳುತ್ತಿರುವ ತಾತ್ಕಾಲಿಕ ಬೇಲಿಯ ಮೇಲೆ ನಿಂತೂ ಹಿಡಿಯಬಹುದು, ಪಾದ ಅದರಾಚೆಯ ನೆಲ ಮುಟ್ಟಿರದಿದ್ದರೆ ಆಯಿತು.

ಎರಡನೇ ತೀರ್ಪು ಕ್ಯಾಚ್ ಆದಮೇಲಿನದು. ಬೇಕೆಂದಲ್ಲದೆ ಚೆಂಡಿನೊಂದಿಗೆ ಹೊರಗೆ ಹೋದರೆ ಚೆಂಡು ಡೆಡ್, ಅಂದರೆ ಆಟ ಅಲ್ಲಿಗೇ ನಿಲ್ಲುತ್ತದೆ, ಪ್ರತಿ ರನ್ನರ್‌ಗೆ ಮುಂದಿನ ಒಂದು ಬೇಸ್ ಉಚಿತ. ಲೆಕ್ಕ ಹಿಡಿಯುವುದು ಫೀಲ್ಡರ್ ಆಟದ ಜಾಗ ಬಿಟ್ಟ ಕ್ಷಣದಲ್ಲಿ ರನ್ನರ್ ಕೊನೆಯದಾಗಿ ಮುಟ್ಟಿದ್ದ ಬೇಸ್‌ನಿಂದ. ಬೇಕೆಂದೇ ಒಯ್ದರೆ ಎರಡು ಬೇಸ್.

ಒಬ್ಬರು ಔಟ್, ಒಂದನೇ ಮತ್ತು ಮೂರನೇ ಬೇಸ್‌ನಲ್ಲಿ ರನ್ನರ್‌ಗಳು ಎಂದಿಟ್ಟುಕೊಳ್ಳಿ. ಮೊದಲ ಬೇಸ್‌ನ ಫೀಲ್ಡರ್ ಫೌಲ್ ಚೆಂಡು ಹಿಡಿದು, ಓಟದ ವೇಗಕ್ಕೆ ಎರಡು ಹೆಜ್ಜೆಯಲ್ಲಿ ಡಗ್‌ಔಟ್ ಹೊಕ್ಕರು. ಬ್ಯಾಟರ್ ಔಟ್, ಮೂರನೇ ಬೇಸ್‌ನವರಿಗೆ ರನ್, ಒಂದನೆಯವರು ಎರಡಕ್ಕೆ. ಮೊದಲೇ ಇಬ್ಬರು ಔಟಾಗಿದ್ದರೆ ಈ ಕ್ಯಾಚಿಗೆ ಇನ್ನಿಂಗ್ಸೇ ಮುಗಿಯಿತು, ಬೇಸ್ ಕೊಡುವ ಮಾತಿಲ್ಲ. ಉಚಿತ ಬೇಸ್ ಸಿಕ್ಕಿತೆಂದು ಬೇಸ್ ಮರುಮುಟ್ಟುವ ಹೊಣೆ ತಪ್ಪುವುದಿಲ್ಲ: ಫೀಲ್ಡರ್ ಚೆಂಡನ್ನು ಮೊದಲು ಮುಟ್ಟುವ ಮುನ್ನವೇ ಹೊರಟ ರನ್ನರ್ ಹಿಂದಿರುಗಿ ಬೇಸ್ ಮುಟ್ಟಬೇಕು, ಇಲ್ಲವಾದರೆ ಎದುರು ತಂಡ ಅಪೀಲ್ ಮಾಡಬಹುದು.

ಕೋಚ್‌ಗಳು ಇದನ್ನು ಅಭ್ಯಾಸದಲ್ಲೇ ಹೇಳಿಕೊಡುವುದು ಒಳ್ಳೆಯದು. ಎದುರಾಳಿ ಎರಡನೆಯದಾಗಿ ಬ್ಯಾಟ್ ಮಾಡುತ್ತಿರುವ ಕೊನೆಯ ಇನ್ನಿಂಗ್ಸ್‌ನಲ್ಲಿ, ಸ್ಕೋರು ಸಮ ಇರುವಾಗ, ಮೂರನೇ ಬೇಸ್‌ನಲ್ಲಿ ರನ್ನರ್ ನಿಂತು ಒಬ್ಬರೇ ಔಟಾಗಿದ್ದಾಗ ಡಗ್‌ಔಟ್‌ನೊಳಕ್ಕೆ ಕೊಂಡೊಯ್ಯುವ ಫೌಲ್ ಕ್ಯಾಚ್ ಪಂದ್ಯವನ್ನೇ ಎದುರಾಳಿಗೆ ಒಪ್ಪಿಸಿದಂತೆ. ಆ ಚೆಂಡನ್ನು ಬಿಟ್ಟುಬಿಡುವುದೇ ಜಾಣತನ.

ಅಂಪೈರ್‌ಗೆ ಬೇಕಾದದ್ದು ಗೆರೆಯುದ್ದಕ್ಕೂ ಕಾಣುವ ಕೋನ. ಫೀಲ್ಡರ್ ಬೆನ್ನ ಹಿಂದೆ ಓಡಿದರೆ ಬರೀ ಬೆನ್ನೇ ಕಾಣುತ್ತದೆ. ಗೆರೆಯ ನೇರಕ್ಕೆ ಸರಿದು ನಿಂತು, ಮೊದಲು ಪಾದ, ಆಮೇಲೆ ಗ್ಲವ್ ನೋಡಿ. ಮೊದಲು ಔಟ್ ಸಂಕೇತ, ನಂತರ ಡೆಡ್ ಬಾಲ್, ಕೊನೆಗೆ ಯಾವ ರನ್ನರ್ ಎಲ್ಲಿಗೆ ಎಂದು ಬೆರಳು ತೋರಿಸಿ ಹೇಳಿ. ಬೇಲಿಯಿಲ್ಲದ ಮೈದಾನದಲ್ಲಿ ಹೊರಗೆರೆ ಎಲ್ಲಿಂದ ಎಲ್ಲಿಗೆ ಎಂಬುದನ್ನು ಪಂದ್ಯಕ್ಕೆ ಮುಂಚೆಯೇ ಎರಡೂ ತಂಡಗಳವರನ್ನು ಕರೆದು, ನಡೆದು ತೋರಿಸಿ ಗೊತ್ತುಮಾಡಿಕೊಳ್ಳಿ.