ಹೆಣ್ಣಿಲ್ಲದ ಮದುವೆಯಿಂದ ಚರ್ಚಿನ ಒಡಕಿನವರೆಗೆ: ಅಮೆರಿಕದ ಸಣ್ಣ ಊರುಗಳಲ್ಲಿ ಡ್ರ್ಯಾಗ್

ಟೆನೆಸ್ಸಿಯಲ್ಲಿ ಡ್ರ್ಯಾಗ್ ಮೇಲೆ, ಅಂದರೆ ಗಂಡಸರು ಹೆಣ್ಣಿನ ವೇಷ ಕಟ್ಟಿ ನೀಡುವ ಪ್ರದರ್ಶನದ ಮೇಲೆ ಕಾನೂನು, ಇಂಡಿಯಾನಾದಲ್ಲಿ ಆ ವೇಷ ಹಾಕಿದ್ದಕ್ಕೆ ತನ್ನ ಚರ್ಚಿನ ಹೊಣೆ ಕಳೆದುಕೊಂಡ ಪಾದ್ರಿ, ದೇಶದ ಉದ್ದಗಲಕ್ಕೂ ಇಬ್ಭಾಗವಾದ, ಮೆಥಡಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಗಡದ ಚರ್ಚುಗಳು. ಅಮೆರಿಕದಿಂದ ಬರುವ ಈ ಸುದ್ದಿಗಳನ್ನು ಯಾವ ತುದಿಯಿಂದ ಹಿಡಿದರೂ ಗಂಟು ಬಿಡುವುದಿಲ್ಲ. ದಾರದ ತುದಿ ಇರುವುದು ನೂರು ವರ್ಷ ಹಿಂದೆ, ಅದೂ ಚರ್ಚಿನ ಸಭಾಂಗಣದಲ್ಲೇ.

ಹತ್ತೊಂಬತ್ತನೇ ಶತಮಾನದ ಕೊನೆಯಿಂದ 1950ರ ದಶಕದವರೆಗೆ, ಮುಖ್ಯವಾಗಿ ದಕ್ಷಿಣದ ರಾಜ್ಯಗಳ ಸಣ್ಣ ಊರುಗಳಲ್ಲಿ, ‘ಹೆಣ್ಣಿಲ್ಲದ ಮದುವೆ’ ಎಂಬ ಪ್ರಹಸನ ಬಹಳ ಜನಪ್ರಿಯವಾಗಿತ್ತು. ಮದುಮಗಳು, ಅವಳ ತಾಯಿ, ಸಖಿಯರು, ಹೂ ಚೆಲ್ಲುವ ಪುಟ್ಟ ಹುಡುಗಿ, ಮದುಮಗ ಕೈಬಿಟ್ಟ ಹಳೆಯ ಪ್ರೇಯಸಿ ಎಲ್ಲರೂ ಗಂಡಸರೇ. ಮದುಮಗಳ ಪಾತ್ರ ಸಾಮಾನ್ಯವಾಗಿ ಊರಿನ ಅತಿ ದಪ್ಪ ಆಳಿಗೆ, ಮದುಮಗನ ಪಾತ್ರ ಕುಳ್ಳನಿಗೆ. ಬ್ಯಾಂಕಿನವರು, ವಕೀಲರು, ಮೇಯರ್ ಎಲ್ಲರೂ ತಂತಮ್ಮ ಹೆಂಡತಿಯರ ಗೌನ್ ಎರವಲು ಪಡೆದು ವೇದಿಕೆ ಹತ್ತುತ್ತಿದ್ದರು. ಪಾತ್ರಗಳು ಹೆಚ್ಚಿದಷ್ಟೂ ಲಾಭ, ಏಕೆಂದರೆ ಪ್ರತಿ ಪಾತ್ರಧಾರಿಯ ಮನೆಮಂದಿಯೆಲ್ಲ ಟಿಕೆಟ್ ಕೊಳ್ಳುತ್ತಿದ್ದರು. ಬಂದ ಹಣ ಶಾಲೆಗೆ, ಅಗ್ನಿಶಾಮಕ ದಳಕ್ಕೆ, ಎಷ್ಟೋ ಕಡೆ ಚರ್ಚಿಗೇ ಹೋಗುತ್ತಿತ್ತು. ಕೆಲವು ಪ್ರದರ್ಶನಗಳಲ್ಲಿ ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಪಾತ್ರಗಳೂ ಇರುತ್ತಿದ್ದವು. ಹಾಗಾಗಿ ಇದನ್ನು ಮುಗ್ಧ ವಿನೋದ ಎಂದುಕೊಂಡು ಮುಂದೆ ಹೋಗಲಾಗದು.

ನಗುವಿಗೆ ಒಂದು ಷರತ್ತಿತ್ತು. ಗೌನಿನ ಒಳಗಿನ ಗಂಡಸು ಎಲ್ಲರಿಗೂ ಕಾಣುತ್ತಲೇ ಇರಬೇಕು. ರೋಮದ ತೋಳು, ಬೂಟಿನ ಕಾಲು, ಒರಟು ದನಿ ಯಾವುದನ್ನೂ ಮುಚ್ಚಬಾರದು. ಡ್ರ್ಯಾಗ್ ಈ ಷರತ್ತನ್ನೇ ಮುರಿಯುತ್ತದೆ. ಹುಬ್ಬಿನ ಕೂದಲಿಗೆ ಗೋಂದಿನ ಕಡ್ಡಿ ಉಜ್ಜಿ ಚರ್ಮಕ್ಕೆ ಅಂಟಿಸಬೇಕು, ಒಣಗಿದ ಮೇಲೆ ಪೌಡರ್ ಕೂರಿಸಬೇಕು, ಮೂರ್ನಾಲ್ಕು ಪದರ ಹೀಗೆ ಮುಚ್ಚಿ ಅದರ ಮೇಲೆ ಹೊಸ ಹುಬ್ಬು ಬರೆಯಬೇಕು. ಒಣಗುವ ಮೊದಲೇ ಬಣ್ಣ ಹಚ್ಚಿದರೆ ದೀಪದ ಬಿಸಿಗೆ ಬೆವರು ಬಂದು ಕೂದಲು ಎದ್ದು ನಿಲ್ಲುತ್ತದೆ. ಸೊಂಟಕ್ಕೆ ಸ್ಪಂಜು ಕತ್ತರಿಸಿ ಕಟ್ಟಿ, ಅದರ ಅಂಚು ತೋರದಂತೆ ಒಂದರ ಮೇಲೊಂದು ಬಿಗಿಯುಡುಪು ಏರಿಸಬೇಕು. ಮುಖಕ್ಕೇ ಎರಡು ಗಂಟೆ ಹಿಡಿಯುತ್ತದೆ. ಯಕ್ಷಗಾನದ ಚೌಕಿಯಲ್ಲಿ ಸ್ತ್ರೀವೇಷ ಕಟ್ಟುವುದನ್ನು ಕಂಡವರಿಗೆ ಈ ತಾಳ್ಮೆ ಹೊಸದಲ್ಲ. ಹೆಣ್ಣಾಗಿ ಕೆಟ್ಟದಾಗಿ ಕಂಡಾಗ ನಕ್ಕ ಊರು, ಚೆನ್ನಾಗಿ ಕಂಡಾಗ ಕಂಗೆಟ್ಟಿತು.

ಆಕ್ಷೇಪಕ್ಕೆ ಆಧಾರವಾಗಿ ಹೇಳುವ ವಚನ ಬೈಬಲಿನ ಧರ್ಮೋಪದೇಶಕಾಂಡ 22:5. ಗಂಡು ಹೆಣ್ಣಿನ, ಹೆಣ್ಣು ಗಂಡಿನ ಉಡುಪು ತೊಡಬಾರದು ಎಂಬುದು ಅದರ ಸಾರ. ಉಣ್ಣೆ ಮತ್ತು ನಾರು ಬೆರೆಸಿ ನೆಯ್ದ ಬಟ್ಟೆಯೂ ಬೇಡ ಎಂದು ಅದೇ ಅಧ್ಯಾಯದ 11ನೇ ವಚನ ಹೇಳುತ್ತದೆ. ಚರ್ಚುಗಳು ಹೆಣ್ಣಿಲ್ಲದ ಮದುವೆಗೆ ಟಿಕೆಟ್ ಮಾರುತ್ತಿದ್ದ ಕಾಲದಲ್ಲೂ ಈ ವಚನ ಅದೇ ಪುಟದಲ್ಲಿತ್ತು.

ಪಾದ್ರಿಗಳೂ ವೇಷಧಾರಿಗಳೂ ಒಂದೇ ಕಡೆ ನಿಂತ ಗಳಿಗೆಯೂ ಒಂದಿದೆ. 1964ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗ್ಲೈಡ್ ಮೆಮೋರಿಯಲ್ ಮೆಥಡಿಸ್ಟ್ ಚರ್ಚಿನವರು ಮತ್ತು ಇತರ ಪಾದ್ರಿಗಳು ಸಲಿಂಗಿಗಳ ಜೊತೆ ಸೇರಿ ಒಂದು ಪರಿಷತ್ತು ಕಟ್ಟಿದರು. ಅದರ ನಿಧಿಗಾಗಿ 1965ರ ಜನವರಿ 1ರಂದು ಕ್ಯಾಲಿಫೋರ್ನಿಯಾ ಹಾಲ್‌ನಲ್ಲಿ ವೇಷಭೂಷಣದ ನೃತ್ಯಕೂಟ ಇಟ್ಟರು. ಪೊಲೀಸರು ಬಾಗಿಲಲ್ಲಿ ದೊಡ್ಡ ದೀಪ ಹಚ್ಚಿ ಒಳಹೋಗುವ ಪ್ರತಿಯೊಬ್ಬರ ಫೋಟೊ ತೆಗೆದರು, ವಾರಂಟ್ ಕೇಳಿದ ವಕೀಲರನ್ನೇ ಬಂಧಿಸಿದರು. ಮರುದಿನ ಪಾದ್ರಿಗಳು ಪತ್ರಿಕಾಗೋಷ್ಠಿ ಕರೆದು ಕಣ್ಣಾರೆ ಕಂಡದ್ದನ್ನು ಹೇಳಿದರು. ಆ ಮಾತನ್ನು ಅದುವರೆಗೆ ಬಲಿಪಶುಗಳೇ ಹೇಳುತ್ತಿದ್ದರು, ಯಾರೂ ನಂಬುತ್ತಿರಲಿಲ್ಲ.

ಆಮೇಲಿನ ಅರ್ಧ ಶತಮಾನ ನಿಯಮಗಳದ್ದು. 1972ರಲ್ಲಿ ಅಟ್ಲಾಂಟಾದಲ್ಲಿ ಸೇರಿದ ಯುನೈಟೆಡ್ ಮೆಥಡಿಸ್ಟ್ ಮಹಾಸಭೆ (ಪಂಗಡದ ನಿಯಮ ಮಾಡುವ ಸಭೆ), ಸಲಿಂಗ ಸಂಬಂಧ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಎಂಬ ಸಾಲನ್ನು ಸಭೆಯಲ್ಲೇ ತಿದ್ದುಪಡಿಯಾಗಿ ಸೇರಿಸಿತು. 1984ರಲ್ಲಿ ಸಲಿಂಗಿಗಳಿಗೆ ಪಾದ್ರಿ ದೀಕ್ಷೆ ಮುಚ್ಚಿತು. ಡ್ರ್ಯಾಗ್ ಬಗ್ಗೆ ಆ ಸಾಲುಗಳಲ್ಲಿ ಒಂದು ಪದವೂ ಇಲ್ಲ. ಆದರೂ ಅನುಮಾನದ ನೆರಳು ಅದರ ಮೇಲೂ ಬಿತ್ತು.

2021ರಲ್ಲಿ ಎರಡು ಘಟನೆಗಳು ಎದುರುಬದುರಾದವು. ಇಲಿನಾಯ್ಸ್‌ನ ಬ್ಲೂಮಿಂಗ್ಟನ್ನಿನಲ್ಲಿ ‘ಮಿಸ್ ಪೆನಿ ಕಾಸ್ಟ್’ ಹೆಸರಿನಲ್ಲಿ ವೇಷ ಹಾಕುವ ಯುವಕನನ್ನು ದೀಕ್ಷಾ ಅಭ್ಯರ್ಥಿಯಾಗಿ ಮೆಥಡಿಸ್ಟರು ಒಪ್ಪಿಕೊಂಡರು. ಹೆಸರಿನಲ್ಲೇ ಪೆಂಟೆಕೋಸ್ಟ್ ಎಂಬ ಕ್ರೈಸ್ತ ಹಬ್ಬ ಅಡಗಿದೆ. ಅದೇ ವರ್ಷ ಇಂಡಿಯಾನಾದ ನ್ಯೂಬರ್ಗ್‌ನಲ್ಲಿ, ಟಿವಿ ಕಾರ್ಯಕ್ರಮವೊಂದರಲ್ಲಿ ಡ್ರ್ಯಾಗ್ ವೇಷ ಹಾಕಿದ ಪಾದ್ರಿ ತನ್ನ ಸಭೆಯ ಹೊಣೆಯಿಂದ ಹೊರಬರಬೇಕಾಯಿತು. ವೇಷ ಹಾಕಿದ್ದು ಸಲಿಂಗಿಗಳಿಗೂ ಅವರ ಬಳಗದವಳೇ ಆದ ತನ್ನ ಮಗಳಿಗೂ ಬೆಂಬಲವಾಗಿ.

ಇಲ್ಲಿ ಸಣ್ಣ ಊರಿನ ಲೆಕ್ಕ ತಿಳಿದಿರಬೇಕು. ಮೆಥಡಿಸ್ಟ್ ಪಾದ್ರಿಯನ್ನು ನೇಮಿಸುವುದು ಬಿಷಪ್, ಸಂಬಳ ಬರುವುದು ಸ್ಥಳೀಯ ಸಭೆಯ ಕಾಣಿಕೆಯಿಂದ. ಅನೇಕ ಕಡೆ ವಾಸದ ಮನೆಯೂ ಚರ್ಚಿನದೇ. ನಾಲ್ಕಾರು ಕುಟುಂಬ ಕಾಣಿಕೆ ನಿಲ್ಲಿಸಿದರೆ ಬಜೆಟ್ ಕುಸಿಯುತ್ತದೆ. ಯಾರೂ ‘ಹೊರಗೆ ಹೋಗು’ ಎನ್ನಬೇಕಿಲ್ಲ.

ಒಡಕು ಸಾಗಿದ್ದೂ ಲೆಕ್ಕದ ಮೇಲೆಯೇ. 2019ರಲ್ಲಿ ಸೇಂಟ್ ಲೂಯಿಸ್‌ನ ವಿಶೇಷ ಮಹಾಸಭೆ 438–384 ಮತಗಳಿಂದ ಸಲಿಂಗಿಗಳ ಮೇಲಿನ ನಿಷೇಧವನ್ನು ಬಿಗಿಗೊಳಿಸಿತು, ಜೊತೆಗೆ 2553ನೇ ವಿಧಿಯಲ್ಲಿ ಚರ್ಚುಗಳು ಪಂಗಡ ಬಿಟ್ಟು ಹೊರಹೋಗಲು ಬಾಗಿಲೂ ತೆರೆಯಿತು. ಮೆಥಡಿಸ್ಟರಲ್ಲಿ ಚರ್ಚಿನ ಕಟ್ಟಡ ಸ್ಥಳೀಯ ಸಭೆಯ ಕೈಯಲ್ಲಿದ್ದರೂ ಇಡೀ ಪಂಗಡದ ಪರವಾಗಿ ಟ್ರಸ್ಟ್‌ನಲ್ಲಿರುತ್ತದೆ, ಸುಮ್ಮನೆ ಎದ್ದು ಹೋದರೆ ಕಟ್ಟಡ ಸಿಗದು. ಈ ವಿಧಿಯಡಿ ಹಾಜರಿದ್ದ ಸದಸ್ಯರಲ್ಲಿ ಮೂರನೇ ಎರಡರಷ್ಟು ಮತ ಬೇಕು. ಪಂಗಡಕ್ಕೆ ಕೊಡಬೇಕಾದ ಹಿಂದಿನ 12 ತಿಂಗಳ ಪಾಲಿನಲ್ಲಿ ಬಾಕಿ ಉಳಿದದ್ದನ್ನು ತೀರಿಸಬೇಕು, ಇನ್ನೂ 12 ತಿಂಗಳ ಪಾಲು ಕಟ್ಟಬೇಕು, ಪಾದ್ರಿಗಳ ಪಿಂಚಣಿಯ ಹೊಣೆಯಲ್ಲಿ ತನ್ನ ಭಾಗ ತುಂಬಬೇಕು. ಅದಾದ ಮೇಲೆ ಪ್ರಾದೇಶಿಕ ಸಭೆಯ ಒಪ್ಪಿಗೆ. ಗಡುವು 2023ರ ಡಿಸೆಂಬರ್ 31.

ಎಡವಟ್ಟು ಆಗುತ್ತಿದ್ದುದು ಆ ಮೂರನೇ ಎರಡರಲ್ಲಿ. 90 ಜನ ಹಾಜರಿದ್ದರೆ 60 ಮತ ಬೇಕು ಅಂದುಕೊಳ್ಳಿ. 58 ಬಂದರೆ ಚರ್ಚು ಉಳಿಯುತ್ತದೆ, ಆದರೆ ಆ 58 ಜನ ಮುಂದಿನ ಭಾನುವಾರ ಬೇರೆ ಕಡೆ ಹೋಗಬಹುದು. ಉಳಿದ 32 ಜನರ ತಲೆಗೆ ಕಟ್ಟಡದ ಖರ್ಚು. 61 ಬಂದರೆ 29 ಜನ, ತಂದೆತಾಯಿಯ ಸಮಾಧಿ ಇರುವ ಅಂಗಳವನ್ನೇ ಬಿಟ್ಟು ಬರಬೇಕು. ಹೀಗೆ 7,600ಕ್ಕೂ ಹೆಚ್ಚು ಚರ್ಚುಗಳು, ಹೆಚ್ಚಾಗಿ ಸಂಪ್ರದಾಯವಾದಿಗಳವು, ಹೋದವು, ಅಮೆರಿಕದಲ್ಲಿದ್ದವುಗಳ ಸುಮಾರು ಕಾಲು ಭಾಗ. ವೇಷದ ಜಗಳ ಎಂದು ಹೊರಗಿನವರು ನೋಡಿದ್ದು ಎಷ್ಟೋ ಊರುಗಳಲ್ಲಿ ಅಣ್ಣತಮ್ಮಂದಿರ ಆಸ್ತಿ ಪಾಲಿನಂತೆ ಮುಗಿಯಿತು.

ಈ ನಡುವೆ 2023ರ ಮಾರ್ಚ್‌ನಲ್ಲಿ ಟೆನೆಸ್ಸಿ, ‘ಗಂಡು ಅಥವಾ ಹೆಣ್ಣಿನ ವೇಷಧಾರಿ’ಗಳನ್ನು ವಯಸ್ಕರ ಮನರಂಜನೆಯ ಪಟ್ಟಿಗೆ ಸೇರಿಸಿ ಕಾನೂನು ಮಾಡಿತು. ಮಕ್ಕಳಿಗೆ ಹಾನಿಕರವೆನಿಸುವ ಪ್ರದರ್ಶನವನ್ನು ಅವರ ಕಣ್ಣಿಗೆ ಬೀಳುವಲ್ಲಿ ಮಾಡುವಂತಿಲ್ಲ, ಎರಡನೇ ಸಲ ಸಿಕ್ಕಿಬಿದ್ದರೆ 6 ವರ್ಷದವರೆಗೆ ಜೈಲು. ಯಾವುದು ಹಾನಿಕರ ಎಂಬ ಗೆರೆ ಮಸುಕಾಗಿದ್ದುದರಿಂದ ಆಯೋಜಕರು ಮೊದಲೇ ಹಿಂಜರಿದರು. ಜೂನ್‌ನಲ್ಲಿ ಫೆಡರಲ್ ನ್ಯಾಯಾಧೀಶರು ಅದನ್ನು ಸಂವಿಧಾನಬಾಹಿರ ಎಂದರು. 2024ರಲ್ಲಿ ಮೇಲ್ಮನವಿ ನ್ಯಾಯಾಲಯ, ದಾವೆ ಹೂಡಿದವರಿಗೆ ಆ ಹಕ್ಕೇ ಇರಲಿಲ್ಲ ಎಂಬ ಕಾರಣಕ್ಕೆ ಆ ತೀರ್ಪನ್ನು ತಿರುಗಿಸಿತು.

2024ರ ಮೇ 1ರಂದು ಷಾರ್ಲಟ್‌ನಲ್ಲಿ ಮೆಥಡಿಸ್ಟ್ ಮಹಾಸಭೆ 692–51 ಮತಗಳಿಂದ, ಚರ್ಚೆಯೇ ಇಲ್ಲದೆ, ದೀಕ್ಷೆಯ ನಿಷೇಧ ತೆಗೆದುಹಾಕಿತು. ಮರುದಿನ 1972ರ ಆ ಸಾಲೂ ಹೋಯಿತು. ಬೀದರ್, ಬೆಂಗಳೂರಿನ ಮೆಥಡಿಸ್ಟ್ ಸಭೆಗಳಿಗೆ ಇದು ಅನ್ವಯಿಸದು, ಭಾರತದ ಮೆಥಡಿಸ್ಟ್ ಚರ್ಚು 1981ರಿಂದಲೇ ಸ್ವಾಯತ್ತ. ಅಮೆರಿಕದಲ್ಲೂ ಸಲಿಂಗ ಮದುವೆ ನಡೆಸುವುದು ಯಾವ ಪಾದ್ರಿಗೂ ಕಡ್ಡಾಯವಿಲ್ಲ, ತೀರ್ಮಾನ ಅವರದೇ. ಮತದಲ್ಲಿ ಸೋತು ಚರ್ಚು ಕಳೆದುಕೊಂಡವರಿಗಾಗಿ ಉತ್ತರ ಕೆರೊಲಿನಾದಂಥ ಕಡೆ ‘ದೀಪಸ್ತಂಭ’ ಸಭೆಗಳೆಂದು ಕೆಲವನ್ನು ಗುರುತಿಸಿದ್ದಾರೆ. ಹಳೆಯ ಚರ್ಚಿನ ಬಾಗಿಲ ಮುಂದೆಯೇ ಹಾದು ಅವರು ಭಾನುವಾರ ಅಲ್ಲಿಗೆ ಹೋಗುತ್ತಾರೆ.