ಬಿಟ್ಟುಹೋದವನು ಮತ್ತೆ ಬಂದಾಗ

ನರ್ಸ್ ಮಾತ್ರೆಗಳನ್ನು ಪುಡಿ ಮಾಡಿ, ಎದುರಿಗೆ ನಿಂತವನಿಗೆ ನಾಲಿಗೆ ಮೇಲೆತ್ತಲು ಹೇಳುತ್ತಾರೆ. ಪುಡಿ ನಾಲಿಗೆಯಡಿಗೆ ಬೀಳುತ್ತದೆ. ಇನ್ನು ಐದರಿಂದ ಹತ್ತು ನಿಮಿಷ ಮಾತನಾಡುವಂತಿಲ್ಲ, ಎಂಜಲು ನುಂಗುವಂತಿಲ್ಲ. ನುಂಗಿದರೆ ಮದ್ದಿನ ಬಹುಪಾಲು ಯಕೃತ್ತಿನಲ್ಲೇ ಹಾಳಾಗುತ್ತದೆ. ಕಹಿಯನ್ನು ಸಹಿಸಿಕೊಂಡು ಬೆಂಚಿನ ಮೇಲೆ ಕೂತು, ಕರಗಿದ ಮೇಲೆ ಬಾಯಿ ತೆರೆದು ತೋರಿಸಿ, ಪುಸ್ತಕದಲ್ಲಿ ಸಹಿ ಹಾಕಿ ಹೊರಡಬೇಕು. ನಾಳೆ ಮತ್ತೆ ಬರಬೇಕು. ನಾಡಿದ್ದೂ ಬರಬೇಕು.

ಮದ್ದಿನ ಹೆಸರು ಬುಪ್ರೆನಾರ್ಫಿನ್. ಹೆರಾಯಿನ್‌ನಂಥ ವಸ್ತುಗಳನ್ನು ಸೂಜಿಯಿಂದ ಚುಚ್ಚಿಕೊಳ್ಳುವವರಿಗೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ದೇಶದ ಹಲವೆಡೆ ಇದನ್ನು ಉಚಿತವಾಗಿ ಕೊಡಿಸುತ್ತದೆ. ಮದ್ದು ಫಲ ಕೊಡುತ್ತದೆ ಎಂಬುದರಲ್ಲಿ ಅನುಮಾನ ಉಳಿದಿಲ್ಲ. ಆದರೆ ಹೆಸರು ಬರೆಸಿದವರಲ್ಲಿ ಬಹಳಷ್ಟು ಜನ ಕೆಲವೇ ತಿಂಗಳಲ್ಲಿ ಬರುವುದನ್ನು ನಿಲ್ಲಿಸುತ್ತಾರೆ. ನನ್ನನ್ನು ಕಾಡುವುದು ಆ ಖಾಲಿಯಾದ ಬೆಂಚು.

ಪಾಯಸಕ್ಕೆ ಹಾಕುವ ಗಸಗಸೆಯ ಗಿಡವೇ ಅಫೀಮಿನ ಗಿಡ. ಬಲಿಯದ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಅದರಿಂದ ಮಾರ್ಫಿನ್, ಮಾರ್ಫಿನ್‌ನಿಂದ ಹೆರಾಯಿನ್. ನಮ್ಮ ಮಿದುಳಿನ ಕೋಶಗಳ ಮೇಲೆ ಇವು ಬಂದು ಕೂರುವ ಗ್ರಾಹಕಗಳೆಂಬ (ರಿಸೆಪ್ಟರ್) ನೆಲೆಗಳಿವೆ. ಹೆರಾಯಿನ್ ಅಲ್ಲಿಗೆ ಸರ್ರನೆ ಬಂದು ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ. ಇಳಿದೊಡನೆ ಕಣ್ಣು ಮೂಗು ಸುರಿಯುತ್ತವೆ, ಹೊಟ್ಟೆ ಹಿಂಡುತ್ತದೆ, ಭೇದಿ ಹಿಡಿಯುತ್ತದೆ, ಮೈ ಜುಮ್ಮೆಂದು ರೋಮ ನಿಲ್ಲುತ್ತದೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ವರ್ಷಗಟ್ಟಲೆ ಚುಚ್ಚಿಕೊಂಡವನು ಸುಖಕ್ಕಾಗಿ ಸೂಜಿ ಹಿಡಿಯುತ್ತಾನೆಂದು ತಿಳಿಯುವುದು ತಪ್ಪು. ಅವನು ಹಿಡಿಯುವುದು ಈ ಯಾತನೆಯನ್ನು ಕೆಲವು ತಾಸು ಮುಂದೂಡುವುದಕ್ಕೆ. ಬುಪ್ರೆನಾರ್ಫಿನ್ ಅದೇ ಗ್ರಾಹಕವನ್ನು ಬಿಗಿಯಾಗಿ ಹಿಡಿದು ಕೂರುತ್ತದೆ, ಆದರೆ ಅದನ್ನು ಅರೆಬರೆಯಾಗಿ ಮಾತ್ರ ಕೆರಳಿಸುತ್ತದೆ. ಹಾಗಾಗಿ ಇಡೀ ದಿನ ಯಾತನೆಯಿಲ್ಲ, ಅಮಲೂ ಇಲ್ಲ. ಮೇಲೆ ಹೆರಾಯಿನ್ ಚುಚ್ಚಿಕೊಂಡರೂ ಅದಕ್ಕೆ ಕೂರಲು ಹೆಚ್ಚು ಜಾಗ ಸಿಗುವುದಿಲ್ಲ.

ಒಂದು ಚಟ ಬಿಡಿಸಿ ಇನ್ನೊಂದನ್ನು ಅಂಟಿಸಿದಂತಾಯಿತಲ್ಲ ಎಂದು ಅನೇಕರು ಕೇಳುತ್ತಾರೆ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ 1964ರಲ್ಲಿ ವಿನ್ಸೆಂಟ್ ಡೋಲ್, ಮೇರಿ ನೈಸ್‌ವಾಂಡರ್ ಎಂಬ ವೈದ್ಯರು ಕಂಡದ್ದೇ ಇದಕ್ಕೆ ಉತ್ತರ. ಮೊದಲು ಅವರು ಹೆರಾಯಿನ್ ವ್ಯಸನಿಗಳಿಗೆ ಮಾರ್ಫಿನ್ ಕೊಟ್ಟು ನೋಡಿದರು. ರೋಗಿಗಳು ಮುಂದಿನ ಚುಚ್ಚುಮದ್ದಿಗೆ ಕಾಯುತ್ತ ಸುಮ್ಮನೆ ಕೂತಿರುತ್ತಿದ್ದರು. ಅದೇ ಗ್ರಾಹಕದ ಮೇಲೆ ಕೂತು ನಿಧಾನವಾಗಿ ಇಳಿಯುವ ಮೆಥಡೋನ್ ಎಂಬ ಮದ್ದಿಗೆ ಬದಲಿಸಿದ ಮೇಲೆ ಅದೇ ಮನುಷ್ಯರು ಬೇರೆಯಾದರು. ಒಬ್ಬ ಚಿತ್ರ ಬರೆಯಲು ಕೂತ, ಇನ್ನೊಬ್ಬ ನಿಂತುಹೋದ ಓದನ್ನು ಮುಗಿಸುತ್ತೇನೆಂದು ಹಟ ಹಿಡಿದ. ದೇಹ ಮದ್ದನ್ನು ಅವಲಂಬಿಸಿಯೇ ಇತ್ತು, ಆದರೆ ದಿನದ ಇಪ್ಪತ್ತನಾಲ್ಕು ಗಂಟೆ ಅವರ ಕೈಗೆ ಮರಳಿ ಬಂದಿತ್ತು.

ಸ್ವೀಡನ್ನಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ನಲವತ್ತು ಜನ. ಇಪ್ಪತ್ತು ಮಂದಿಗೆ ವರ್ಷವಿಡೀ ಬುಪ್ರೆನಾರ್ಫಿನ್. ಉಳಿದ ಇಪ್ಪತ್ತು ಮಂದಿಗೆ ಆರೇ ದಿನ ಇಳಿಸುತ್ತ ಕೊಟ್ಟು, ಆಮೇಲೆ ಮದ್ದಿಲ್ಲದ ಖಾಲಿ ಮಾತ್ರೆ. ಆಪ್ತಸಮಾಲೋಚನೆ, ಗುಂಪು ಚಿಕಿತ್ಸೆ ಎರಡೂ ಕಡೆಯವರಿಗೆ ಒಂದೇ ರೀತಿ ಸಿಕ್ಕವು. ವರ್ಷ ತುಂಬಿದಾಗ ಮದ್ದು ಪಡೆದವರಲ್ಲಿ ನೂರಕ್ಕೆ 75 ಮಂದಿ ಚಿಕಿತ್ಸೆಯಲ್ಲಿದ್ದರು. ಖಾಲಿ ಮಾತ್ರೆಯವರಲ್ಲಿ ಒಬ್ಬರೂ ಉಳಿದಿರಲಿಲ್ಲ, ನಾಲ್ವರು ಸತ್ತಿದ್ದರು. ಮನಸ್ಸು ಗಟ್ಟಿ ಮಾಡಿಕೋ ಎಂದು ಹೇಳುವುದಷ್ಟನ್ನೇ ಚಿಕಿತ್ಸೆ ಎಂದುಕೊಂಡವರು ಆ ನಾಲ್ವರನ್ನು ಮರೆಯಬಾರದು.

ಚಿಕಿತ್ಸೆ ಬಿಟ್ಟುಹೋಗುವುದು ಎಂದರೆ ಬರೀ ಹಳೆಯ ಸ್ಥಿತಿಗೆ ಮರಳುವುದಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಲೆಕ್ಕ ಹಾಕಿದಾಗ, ಮೆಥಡೋನ್ ಪಡೆಯುತ್ತಿದ್ದ ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು 11 ಸಾವು ಕಂಡುಬಂತು. ಚಿಕಿತ್ಸೆಯಿಂದ ಹೊರಗಿದ್ದವರಲ್ಲಿ ಸುಮಾರು 36. ಬಿಟ್ಟ ಮೊದಲ ನಾಲ್ಕು ವಾರಗಳು ಅತಿ ಅಪಾಯದವು. ಕಾರಣ ಸರಳವಾಗಿದೆ. ದೇಹದ ತಾಳಿಕೆ ಇಳಿದಿರುತ್ತದೆ, ಕೈಗೆ ಮಾತ್ರ ಹಳೆಯ ಅಳತೆಯೇ ಗೊತ್ತು. ನಿನ್ನೆ ಮೊನ್ನೆಯವರೆಗೆ ತಾಳುತ್ತಿದ್ದ ಅದೇ ಪ್ರಮಾಣ ಇಂದು ಉಸಿರು ನಿಲ್ಲಿಸುತ್ತದೆ. ಜೈಲಿನಿಂದ ಹೊರಬಂದವರಿಗೂ ಇದೇ ಗಂಡಾಂತರ.

ಹಾಗಿದ್ದರೂ ಬಿಡುವುದೇಕೆ? ಗಾರೆ ಕೆಲಸದವನೊಬ್ಬ ಹೆಸರು ಬರೆಸಿದ್ದಾನೆ ಎಂದುಕೊಳ್ಳಿ. ಕೇಂದ್ರ ತೆರೆಯುವ ಹೊತ್ತಿಗೆ ಅವನು ಕೆಲಸದ ಜಾಗದಲ್ಲಿರಬೇಕು. ಸರದಿಯಲ್ಲಿ ನಿಂತರೆ ಆ ದಿನದ ಕೂಲಿ ಹೋಯಿತು, ಬಸ್ಸಿನ ದುಡ್ಡು ಬೇರೆ. ದಾರಿಯಲ್ಲಿ ಪರಿಚಯದ ಪೊಲೀಸಿನವರು, ಬಾಗಿಲಲ್ಲಿ ಹಳೆಯ ಗೆಳೆಯರು. ಹೆಂಗಸರ ಪಾಡು ಇನ್ನೂ ಕಷ್ಟ: ಗಂಡಸರೇ ತುಂಬಿದ ಆ ಕೋಣೆಗೆ ಕಾಲಿಡಲು ಎಷ್ಟು ಜನರಿಗೆ ಧೈರ್ಯ ಬಂದೀತು? ಕೊಟ್ಟ ಮದ್ದಿನ ಪ್ರಮಾಣ ಸಾಲದಿದ್ದರೆ ಸಂಜೆಯ ಹೊತ್ತಿಗೇ ಮೈ ನೋವು ಶುರು. ಆಗ ಅವನು ಸೂಜಿ ಹಿಡಿಯುತ್ತಾನೆ, ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾನೆ. ಸಿಕ್ಕಿಬಿದ್ದವನ ಹೆಸರು ಹೊಡೆದುಹಾಕುವ ಕೇಂದ್ರಗಳು ಪ್ರಪಂಚದಲ್ಲಿ ಬಹಳ ಇದ್ದವು, ಈಗಲೂ ಇವೆ. ಆದರೆ ಆ ಪರೀಕ್ಷೆ ನಿಜವಾಗಿ ಹೇಳುವುದು ಮದ್ದಿನ ಪ್ರಮಾಣ ಹೆಚ್ಚಿಸಿ ಎಂದು. ಸಾಕಷ್ಟು ಪ್ರಮಾಣದಲ್ಲಿ ಮದ್ದು ಕೊಟ್ಟಲ್ಲಿ ಜನ ಹೆಚ್ಚು ಕಾಲ ನಿಲ್ಲುತ್ತಾರೆ ಎಂಬುದು ಮತ್ತೆ ಮತ್ತೆ ರುಜುವಾತಾಗಿದೆ.

ನಮ್ಮ ದೇಶದಲ್ಲಿ ಈ ಮಾತಿಗೆ ತೂಕವಿದೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 8.5 ಲಕ್ಷ ಜನ ಮಾದಕ ವಸ್ತು ಚುಚ್ಚಿಕೊಳ್ಳುತ್ತಾರೆ. ಮಣಿಪುರದಲ್ಲಿ 1990ರ ಸುಮಾರಿಗೆ ಒಂದೇ ಸೂಜಿ ಕೈಯಿಂದ ಕೈಗೆ ದಾಟಿ, ನೋಡುನೋಡುತ್ತಿದ್ದಂತೆ ಎಚ್‌ಐವಿ ಚುಚ್ಚಿಕೊಳ್ಳುವವರಲ್ಲಿ ಅರ್ಧದಷ್ಟು ಜನರನ್ನು ಮುಟ್ಟಿತ್ತು. ಬೆಂಗಳೂರಿನಲ್ಲಿ ಟಪೆಂಟಡಾಲ್ ಎಂಬ ನೋವಿನ ಮಾತ್ರೆಯನ್ನು ಅರೆದು, ನೀರಿನಲ್ಲಿ ಕದಡಿ ಚುಚ್ಚಿಕೊಳ್ಳುವ ಯುವಕರನ್ನು ನಿಮ್ಹಾನ್ಸ್ ವೈದ್ಯರು ಕಂಡಿದ್ದಾರೆ.

2020ರ ಲಾಕ್‌ಡೌನ್ ಒಂದು ಬಾಗಿಲು ತೆರೆಯಿತು. ದಿನವೂ ಬರುವುದು ಅಸಾಧ್ಯವಾದಾಗ ಪಂಜಾಬ್ ಸೇರಿ ಹಲವೆಡೆ ಅನೇಕ ದಿನಗಳ ಮಾತ್ರೆಯನ್ನು ಮನೆಗೇ ಕೊಟ್ಟು ಕಳುಹಿಸಿದರು. ಮಾತ್ರೆ ಮಾರಿಕೊಳ್ಳುತ್ತಾರೆ ಎಂಬ ಭಯ ಸುಳ್ಳಲ್ಲ. ಅದಕ್ಕೆಂದೇ, ಅಫೀಮಿನ ಜಾತಿಯ ವಸ್ತುಗಳ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಎಂಬ ಮದ್ದು ಬೆರೆಸಿದ ಮಾತ್ರೆಯಿದೆ. ನಾಲಿಗೆಯಡಿ ಇಟ್ಟರೆ ನಲಾಕ್ಸೋನ್ ಸುಮ್ಮನಿರುತ್ತದೆ, ಚುಚ್ಚಿಕೊಂಡರೆ ಯಾತನೆ ಎಬ್ಬಿಸುತ್ತದೆ. ಆದರೆ ಬಾರದೇ ಹೋದವನ ಸಾವಿನ ಭಯವನ್ನೂ ಅದೇ ತಕ್ಕಡಿಯಲ್ಲಿ ಇಡಬೇಕಲ್ಲವೇ?

ಎಷ್ಟೇ ಮಾಡಿದರೂ ಕೆಲವರು ಹೋಗುತ್ತಾರೆ, ಕೆಲವರು ಮರಳಿ ಬರುತ್ತಾರೆ. ಮೂರು ವಾರ ಕಾಣದಿದ್ದವನು ಒಂದು ಬೆಳಿಗ್ಗೆ ತಲೆ ತಗ್ಗಿಸಿ ಬಾಗಿಲಲ್ಲಿ ನಿಂತರೆ ತಕ್ಷಣ ಮಾತ್ರೆ ಕೊಡುವಂತಿಲ್ಲ. ಮೈಯಲ್ಲಿ ಹೆರಾಯಿನ್ ಇರುವಾಗ ಬುಪ್ರೆನಾರ್ಫಿನ್ ಅದನ್ನು ಗ್ರಾಹಕದಿಂದ ಒಮ್ಮೆಲೇ ತಳ್ಳಿ, ತಡೆಯಲಾರದ ಸಂಕಟ ತರುತ್ತದೆ. ಕೊನೆಯ ಚುಚ್ಚಿನಿಂದ ಸುಮಾರು ಹನ್ನೆರಡು ಗಂಟೆ ಕಳೆಯಬೇಕು. ವೈದ್ಯೆ ಅವನ ಕಣ್ಣು ನೋಡುತ್ತಾರೆ. ಪಾಪೆ ಸಾಸಿವೆ ಕಾಳಿನಷ್ಟೇ ಇದೆ, ಅಂದರೆ ಹೆರಾಯಿನ್ ಇನ್ನೂ ಇಳಿದಿಲ್ಲ. ಈ ಕಾಯುವ ಹೊತ್ತಿನಲ್ಲೇ ಎದ್ದು ಹೋಗುವವರು ಹೆಚ್ಚು, ಅದಕ್ಕೇ ಯಾರಾದರೂ ಪಕ್ಕದಲ್ಲಿ ಕೂರಬೇಕು. ಎಲ್ಲಿಗೆ ಹೋಗಿದ್ದೆ ಎಂದು ಯಾರೂ ಕೇಳುವುದಿಲ್ಲ. ಚಹಾ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವನು ಆಕಳಿಸತೊಡಗುತ್ತಾನೆ, ತೋಳಿನ ರೋಮ ಎದ್ದು ನಿಲ್ಲುತ್ತದೆ, ಪಾಪೆ ಅರಳುತ್ತದೆ. ನರ್ಸ್ ಮಾತ್ರೆಯ ಡಬ್ಬಿ ತೆರೆಯುತ್ತಾರೆ.